ನಮ್ಮದೇನೂ ತಕರಾರಿಲ್ಲ

ನನ್ನ ಮಾವ ಜವರಪ್ಪ ಅರಸೀಕೆರೆ ಜಂಕ್ಷನ್ನಿನಲ್ಲಿ ಮೂವತ್ತೆಂಟು ವರ್ಷ ಕೀಮ್ಯಾನ್ ಆಗಿದ್ದವರು. ದಿನವೂ ಹಳಿಯ ಮೇಲೆ ನಡೆದು, ಸಡಿಲಾದ ಕೀಲಿಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸುವ ಕೆಲಸ. ಆ ಕೆಲಸ ಅವರಿಗೆ ಸಿಕ್ಕಿದ್ದು ಅವರ ಅಪ್ಪ ಅದೇ ಹಳಿಯ ಮೇಲೆ ಸತ್ತದ್ದರಿಂದ. ಹಾಗಾಗಿ ಸತ್ತವನ ಕೆಲಸ ಅವನ ಮನೆಯವರಿಗೆ ಬರುತ್ತದೆ ಎಂಬುದು ಅವರ ಪಾಲಿಗೆ ಹೊತ್ತು ಮೂಡಣದಲ್ಲಿ ಹುಟ್ಟುವಷ್ಟು ಖಚಿತ. ನನ್ನ ಗಂಡ ಲಕ್ಷ್ಮೀಶ ತೀರಿಕೊಂಡ ಹದಿನೈದನೆಯ ದಿನ ಅವರು ಪೇಟೆಗೆ ಹೋಗಿ ದಾರ ಕಟ್ಟುವ ಫೈಲೊಂದನ್ನು ತಂದರು. ಮೇಲೆ ತಾವೇ ಬರೆದರು: ಅನುಕಂಪದ ನೌಕರಿ, ಮೀನಾಕ್ಷಿ.

"ಮಾವ, ಖಾಸಗಿ ಕಂಪನೀಲಿ ಅದೆಲ್ಲ ಇರಲ್ಲ," ಎಂದೆ.

"ಇರ್ದೇ ಏನವ್ವ? ರೈಲ್ನಲ್ಲೇ ಐತೆ, ಇಮಾನದಲ್ಲಿ ಇರಲ್ವಾ?"

"ನಾನೂ ಅಲ್ಲೇ ಕೆಲಸದಲ್ಲಿದೀನಿ ಮಾವ. ನಾನೂ ಪೈಲಟ್ಟೇ."

"ಅದು ನಿಂದು. ಇದು ಅವನ್ದು."

ವಾದದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ನಾನು. ವಸ್ತುಗಳು ಯಾಕೆ ಬೀಳುತ್ತವೆ ಎಂದು ಮೈಸೂರಿನಲ್ಲಿ ಎರಡು ವರ್ಷ ಓದಿದೆ. ಆಮೇಲೆ ಸರ್ಕಾರದ ಸಹಾಯಧನದಲ್ಲಿ ವಿಮಾನ ಹಾರಿಸಲು ಕಲಿತೆ. ಲಕ್ಷ್ಮೀಶ ಮೂರು ಸಾವಿರ ಗಂಟೆ ಆಕಾಶದಲ್ಲಿದ್ದು, ಒಂದು ಭಾನುವಾರ ಜಾವಗಲ್ ರಸ್ತೆಯಲ್ಲಿ ನಾಯಿ ಅಡ್ಡ ಬಂದು ಸ್ಕೂಟರಿನಿಂದ ಬಿದ್ದ. ವಿಮಾನದಲ್ಲಿ ಸತ್ತಿದ್ದರೆ ಜನಕ್ಕೆ ಹೇಳಲು ಸುಲಭವಿತ್ತು. "ಪೈಲಟ್ ಅಂತಿದ್ರಿ?" ಎಂದು ಎಷ್ಟೋ ಜನ ಕೇಳಿದರು. ಹೌದು, ಎಂದೆ. ಸ್ಕೂಟರಾ? ಹೌದು, ಸ್ಕೂಟರು.

ನಮ್ಮದು ಸಣ್ಣ ಕಂಪನಿ. ಎಪ್ಪತ್ತು ಸೀಟಿನ, ರೆಕ್ಕೆಗೆ ಫ್ಯಾನಿರುವ ವಿಮಾನಗಳು ಸಣ್ಣ ಊರುಗಳಿಗೆ ಹೋಗುತ್ತವೆ. ಒಂದು ವಿಮಾನಕ್ಕೆ ಇಬ್ಬರು ಪೈಲಟ್‌ಗಳು: ಎಡಗಡೆ ಕ್ಯಾಪ್ಟನ್, ಬಲಗಡೆ ನನ್ನಂಥವರು. ಇಬ್ಬರ ಮುಂದೆಯೂ ಅದೇ ಸ್ಟೇರಿಂಗು, ಅದೇ ಮುಳ್ಳುಗಳು. ಏನಾದರೂ ಆದರೆ ಎಡಗಡೆಯವರನ್ನು ಕೇಳುತ್ತಾರೆ, ಅಷ್ಟೇ ವ್ಯತ್ಯಾಸ. ಪೇಪರಿನಲ್ಲಿ ಪೈಲಟ್ ಕೊರತೆ ಎಂದು ಬರೆಯುತ್ತಾರಲ್ಲ, ಅದು ಎಡಗಡೆಯ ಕೊರತೆ. ಬಲಗಡೆಗೆ ಹುಡುಗರು ಬೇಕಾದಷ್ಟಿದ್ದಾರೆ. ಬೀಗರೂಟಕ್ಕೆ ಜನ ಸೇರಿದ್ದಾರೆ, ಅಡುಗೆಯವನೇ ಬಂದಿಲ್ಲ ಎನ್ನುವ ಸ್ಥಿತಿ. ನಮ್ಮಲ್ಲಿ ಕ್ಯಾಪ್ಟನ್ ಆದವರನ್ನು ದೊಡ್ಡ ಕಂಪನಿಗಳು ಎತ್ತಿಕೊಂಡು ಹೋಗುತ್ತವೆ. ಅವರ ಜಾಗಕ್ಕೆ ಬಲಗಡೆಯವರನ್ನು ಸರದಿಯ ಪ್ರಕಾರ ತರಬೇತಿಗೆ ಕರೆಯುತ್ತಾರೆ. ಸರದಿಗೊಂದು ಪಟ್ಟಿ ಇದೆ.

ಆ ಪಟ್ಟಿಯಲ್ಲಿ ಲಕ್ಷ್ಮೀಶ ಒಂದನೆಯವನು. ನಾನು ಎರಡನೆಯವಳು. ಇಬ್ಬರೂ ಒಂದೇ ದಿನ ಸೇರಿದ್ದೆವು. ಒಂದೇ ದಿನ ಸೇರಿದರೆ ಹುಟ್ಟಿದ ತಾರೀಖು ನೋಡುತ್ತಾರೆ. ಅವನು ನನಗಿಂತ ಎಂಟು ತಿಂಗಳು ದೊಡ್ಡವನು. "ನಾನು ಜಾಗ ಬಿಡೋತನಕ ನಿಂಗೆ ಚಾನ್ಸಿಲ್ಲ ಕಣೇ," ಎಂದು ಆಗಾಗ ಹೇಳುತ್ತಿದ್ದ. ಇಂಥ ಮಾತನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ನನಗೆ ಮಾತ್ರ ನೆನಪಿದೆ.

ಅವನಿಗೆ ತರಬೇತಿಯ ಕರೆ ಬಂದಿತ್ತು. ಒಪ್ಪಿದ್ದ. ಹೋಗಲು ಹನ್ನೊಂದು ದಿನ ಉಳಿದಿತ್ತು. ಅವನು ತೀರಿಕೊಂಡ ಮೇಲೆ, ತರಬೇತಿ ಕೊಡಲು ಬೇಕಾದ ಕ್ಯಾಪ್ಟನ್‌ಗಳೇ ಸಾಲದೆ ಆ ತರಬೇತಿ ಐದು ತಿಂಗಳು ಮುಂದಕ್ಕೆ ಹೋಯಿತು. ಈಗ ಮತ್ತೆ ಶುರುವಾಗುತ್ತಿದೆ, ಸೋಮವಾರದಿಂದ. ಒಂದೇ ಜಾಗ. ಶುಕ್ರವಾರ ಸಂಜೆ ನಾಲ್ಕರೊಳಗೆ ನಾನು ಒಪ್ಪಿಗೆ ಕಳಿಸಬೇಕು. ಕಳಿಸದಿದ್ದರೆ ಜಾಗ ಮೂರನೆಯವನಾದ ಚೈತನ್ಯನಿಗೆ, ನಾನು ಪಟ್ಟಿಯ ಬಾಲಕ್ಕೆ. ಅಲ್ಲಿಂದ ಮತ್ತೆ ತಲೆಗೆ ಬರಲು ನಾಲ್ಕೈದು ವರ್ಷ. ಐದು ತಿಂಗಳಿಂದ ರಜೆಯಲ್ಲಿರುವವಳನ್ನು ಅಲ್ಲಿಯತನಕ ಇಟ್ಟುಕೊಳ್ಳುತ್ತಾರೋ ಇಲ್ಲವೋ.

ಇದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಆ ಶುಕ್ರವಾರವೇ ಮಾವ ಫೈಲು ಕಂಕುಳಲ್ಲಿಟ್ಟುಕೊಂಡು, "ನಡಿಯವ್ವ, ಹಳೇಬೀಡಿಗೆ ಹೋಗಾನ," ಎಂದರು. ನಾವಿರುವುದು ಅರಸೀಕೆರೆಯಲ್ಲಾದರೂ ನಮ್ಮ ಪಹಣಿ ಇರುವುದು ಹುಲಿಕೆರೆಯಲ್ಲಿ. ವಂಶವೃಕ್ಷ ಹಳೇಬೀಡಿನ ನಾಡಕಚೇರಿಯಲ್ಲಿ ಆಗಬೇಕು, ಅಫಿಡವಿಟ್ಟು ಬೇಲೂರಿನಲ್ಲಿ. ಅತ್ತೆ ಗಿಡ್ಡಮ್ಮನೂ ಸೀರೆ ಬದಲಿಸಿ ಹೊರಟು ನಿಂತಿದ್ದರು. ಬೇಡ ಎನ್ನುವುದಕ್ಕೂ ಒಂದಿಷ್ಟು ತ್ರಾಣ ಬೇಕು. ನನ್ನಲ್ಲಿ ಇರಲಿಲ್ಲ. ಹೊರಟೆ.

ಬಸ್ಸಿನಲ್ಲಿ ಮಾವ ನನ್ನನ್ನು ಯಾವಾಗಲೂ ಕಿಟಕಿಯ ಪಕ್ಕ ಕೂರಿಸುತ್ತಾರೆ. "ನಿಂಗೆ ಅಭ್ಯಾಸ ಐತಲ್ಲ," ಎನ್ನುತ್ತಾರೆ. ಜಾವಗಲ್ಲಿಗೆ ಸ್ವಲ್ಪ ಮೊದಲು ಒಂದು ತಿರುವಿದೆ. ಅದು ಬರುವ ಹೊತ್ತಿಗೆ ಅವರು ಎದ್ದು, ನನ್ನ ಮುಂದೆ ಬಾಗಿ, ಕಿಟಕಿಯ ಗಾಜನ್ನು ಹಿಡಿದು ಅತ್ತಿತ್ತ ಎಳೆಯತೊಡಗಿದರು. ಗಾಜು ಸರಿಯಾಗೇ ಇತ್ತು. ತಿರುವು ಕಳೆದ ಮೇಲೆ ಕೂತರು. ಅತ್ತೆ ಹಿಂದಿನ ಸೀಟಿನಿಂದ, "ಗಾಳಿ ಬತ್ತಿತ್ತು ಬಿಡಿ," ಎಂದರು.

ನಾಡಕಚೇರಿಯಲ್ಲಿ ಸಾಕ್ಷಿ ಹೇಳಲು ಹುಲಿಕೆರೆಯಿಂದ ಉಗ್ರಪ್ಪನವರು ಬಂದಿದ್ದರು. ಮಾವನ ಅಣ್ಣ, ನನಗೆ ದೊಡ್ಡಮಾವ. ನಲವತ್ತು ವರ್ಷದ ಹಿಂದೆ ಅಪ್ಪ ಸತ್ತಾಗ ರೈಲ್ವೆ ಕೆಲಸ ಹಿರಿಯನಾದ ಅವರಿಗೆ ಬರಬೇಕಿತ್ತು. ಅವರು ಬೇಡವೆಂದು, ತಮ್ಮನಿಗಾಗಲಿ, ತಕರಾರಿಲ್ಲ ಎಂದು ಬರೆದುಕೊಟ್ಟಿದ್ದರು. ಅಂದಿನಿಂದ ಅದನ್ನು ನೆನಪಿಸುವುದೇ ಅವರ ಕೆಲಸವಾಗಿದೆ.

"ಏನ್ಲಾ ಜವ್ರ, ನಾನ್ ಸೈನ್ ಹಾಕ್ದೆ ಇದ್ದಿದ್ರೆ ನೀನು ಕಲ್ಯಾಣಿ ಪಕ್ಕ ಎಮ್ಮೆ ಮೇಯಿಸ್ತಿದ್ದೆ."

"ಹೌದು ಕಣಣ್ಣ. ಬಾ, ಇನ್ನೊಂದ್ ಸೈನ್ ಹಾಕು."

"ಹಾಕ್ತೀನಿ. ಆದ್ರೆ ಹೆಣ್ಮಗೀಗ್ಯಾಕ್ಲಾ ಇಮಾನ? ನಮ್ಮ ಮೊಮ್ಮಗಂಗೆ ಹೆವಿ ಲೈಸೆನ್ಸ್ ಐತೆ. ಅವ್ನು ಲಾರಿ ರಿವರ್ಸ್ ತಗೊಳೋದು ನೋಡ್ಬೇಕು ನೀನು."

"ದೊಡ್ಡಮಾವ, ವಿಮಾನ ರಿವರ್ಸ್ ತಗೊಳ್ಳಲ್ಲ," ಎಂದೆ.

ಇದು ಪೂರ್ತಿ ನಿಜವಲ್ಲ. ನಮ್ಮದು ತೆಗೆದುಕೊಳ್ಳಬಲ್ಲದು. ಆದರೆ ಅದನ್ನು ಹೇಳಿದರೆ ಮೊಮ್ಮಗನ ಅರ್ಜಿಯೂ ಅಂದೇ ಬೀಳುತ್ತಿತ್ತು.

ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿಯ ಹೆಸರು ಹೇಮಾಶ್ರೀ ಎಂದು ಕೊರಳಿನ ಗುರುತಿನ ಚೀಟಿಯಲ್ಲಿ ಇತ್ತು. ಆಧಾರ್, ಮರಣಪತ್ರ, ರೇಷನ್ ಕಾರ್ಡ್ ಎಲ್ಲ ನೋಡಿ, "ಉದ್ದೇಶ ಏನು ಹಾಕ್ಲಿ?" ಎಂದು ಕೇಳಿದಳು.

"ಅನುಕಂಪದ ನೌಕರಿ," ಎಂದರು ಮಾವ.

"ಯಾವ ಇಲಾಖೆ?"

"ಇಮಾನ."

ಅವಳು ನನ್ನ ಕಡೆ ನೋಡಿದಳು. ಓದಿದವಳ ಹಾಗೆ ಕಾಣುತ್ತಾಳೆ, ಇವಳಾದರೂ ತಿದ್ದಲಿ ಎಂಬಂತೆ. ನಾನು ತಿದ್ದಲಿಲ್ಲ. "ಇದ್ರಲ್ಲಿ ವಿಮಾನ ಇಲ್ವಲ್ಲ ಯಜಮಾನ್ರೇ," ಎಂದು ಅವಳು ಪರದೆಯ ಮೇಲೆ ಹುಡುಕುತ್ತಾ ಹೋದಳು. "ಸಾರಿಗೆ ಅಂತ ಇದೆ. ಹಾಕ್ಲಾ?"

"ಹಾಕವ್ವ. ಎರಡೂ ಜನಾನೇ ಹೊತ್ಕೊಂಡು ಹೋಗೋದು."

ಹೀಗೆ ನಾನು ಸಾರಿಗೆ ಇಲಾಖೆಯ ಅಭ್ಯರ್ಥಿಯಾದೆ. ಉಗ್ರಪ್ಪನವರು ಸೈನ್ ಹಾಕಿ ಹುಲಿಕೆರೆಗೆ ವಾಪಸಾದರು. ವಂಶವೃಕ್ಷಕ್ಕೆ ಏಳು ದಿನ ಎಂದು ಸ್ವೀಕೃತಿ ಚೀಟಿ ಕೊಟ್ಟರು. ಅದರಲ್ಲಿ ಲಕ್ಷ್ಮೀಶನ ಹೆಸರಿನ ಮುಂದೆ ಆವರಣದಲ್ಲಿ "ಮೃತ" ಎಂದಿತ್ತು. ಕೆಳಗೆ ನನ್ನ ಹೆಸರು. ಅಲ್ಲೂ ಅವನ ನಂತರ ನಾನೇ.

ಆಗಲೇ ಫೋನು ಬಂತು. ನಮ್ಮ ಕಂಪನಿಯಲ್ಲಿ ಯಾರು ಯಾವ ವಿಮಾನಕ್ಕೆ ಎಂದು ನಿರ್ಧರಿಸುವ ರಾಜಶೇಖರ್.

"ಮೇಡಂ, ನಾಲ್ಕು ಗಂಟೆ ಅನ್ನೋದು ನೆನಪಿದೆ ತಾನೆ? ಈ ವಾರ ಇನ್ನಿಬ್ಬರು ಕ್ಯಾಪ್ಟನ್ ರಾಜೀನಾಮೆ ಕೊಟ್ರು. ನಾಳೆ ಎರಡು ಫ್ಲೈಟ್ ಕ್ಯಾನ್ಸಲ್. ನನಗೇ ಓಡ್ಸೋಕೆ ಬರತ್ತಾ ಅಂತ ಕೇಳ್ತಿದಾರೆ."

"ಬರತ್ತಾ?"

"ಮೇಡಂ, ನನಗೆ ಕಾರೇ ಬರಲ್ಲ. ಎಸ್ ಅಂತ ಒಂದು ಮೇಲ್ ಹಾಕಿ, ಸಾಕು. ನಿಮಗೆ ಆಗಲ್ಲ ಅಂದ್ರೂ ಹೇಳಿ, ಚೈತನ್ಯ ಬೆಳಿಗ್ಗೆಯಿಂದ ಶೂ ಹಾಕ್ಕೊಂಡು ಕೂತಿದಾನೆ."

ಆಯ್ತು ಎಂದು ಇಟ್ಟೆ. ಯಾವುದಕ್ಕೆ ಆಯ್ತು ಎಂದೆನೋ ಅವನಿಗೂ ಗೊತ್ತಾಗಿರಲಿಕ್ಕಿಲ್ಲ.

ಬೇಲೂರಿನಲ್ಲಿ ನೋಟರಿ ಹನುಮಂತಯ್ಯ ಊಟಕ್ಕೆ ಹೋಗಿದ್ದರು. ಕೋರ್ಟಿನ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಮೂವರೂ ಕೂತೆವು. ಅತ್ತೆ ಬಾಳೆಹಣ್ಣು ತರಲು ಎದ್ದು ಹೋದರು. ಎರಡೂವರೆಯಾಗಿತ್ತು. ಮಾವ ಫೈಲು ಬಿಚ್ಚಿ ಒಳಗಿನ ಹಳೆಯ ಕಾಗದವೊಂದನ್ನು ತೋರಿಸಿದರು. ಉಗ್ರಪ್ಪನವರು ಅಂದು ಬರೆದುಕೊಟ್ಟದ್ದರ ನಕಲು. ಅಫಿಡವಿಟ್ಟಿನ ಒಕ್ಕಣೆಯನ್ನು ಹನುಮಂತಯ್ಯನವರ ಟೈಪಿಸ್ಟು ಅದನ್ನೇ ನೋಡಿಕೊಂಡು ಮಾಡಿದ್ದನಂತೆ. ಹೆಸರು ಬದಲಿಸಿದರೆ ಆಯಿತಲ್ಲ.

"ಮಾವ," ಎಂದೆ. "ಈ ಪೇಪರೇನೂ ಬೇಕಾಗಿಲ್ಲ. ನಿಮ್ಮ ಮಗನ ಜಾಗ ಆಗ್ಲೇ ನಂಗೆ ಬಂದಿದೆ."

ಹೇಳಿದೆ. ಪಟ್ಟಿ, ಒಂದು, ಎರಡು, ನಾಲ್ಕು ಗಂಟೆ. ಅವರು ಟೀ ಲೋಟ ಕೆಳಗಿಟ್ಟು ಕೇಳಿದರು.

"ಮತ್ತೆ ಇನ್ನೂ ಯಾಕೆ ಬರ್ದಿಲ್ಲ?"

ಇದನ್ನು ನಾನು ಯಾರಿಗೂ ಹೇಳಬಾರದೆಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಬಳೆ ಒಡೆಯುವುದು, ಕುಂಕುಮ ಅಳಿಸುವುದು ಇಲ್ಲ. ಬುದ್ಧನ ಮುಂದೆ ದೀಪ ಹಚ್ಚಿ ಮುಗಿಸಿದ್ದೆವು. ಅತ್ತೆ ನನ್ನನ್ನು ಒಂದು ದಿನವೂ ಒಂದು ಮಾತೂ ಅಂದಿಲ್ಲ. ಅಂದಿದ್ದರೆ ಲೆಕ್ಕ ಸರಿಹೋಗುತ್ತಿತ್ತೇನೋ.

"ಹನ್ನೊಂದನೇ ದಿನ ಕಂಪನಿಯಿಂದ ಹೊಸ ಪಟ್ಟಿ ಬಂತು ಮಾವ. ಮನೆ ತುಂಬ ಜನ ಇದ್ರು. ನಾನು ಬಚ್ಚಲುಮನೇಲಿ ನಿಂತ್ಕೊಂಡು ನೋಡ್ದೆ. ನನ್ನ ಹೆಸರು ಮೇಲೆ ಬಂದಿತ್ತು. ನಂಗೆ ಖುಷಿ ಆಯ್ತು. ಒಂದು ಗಳಿಗೆ. ಆಮೇಲೆ ಯಾಕೆ ಮೇಲೆ ಬಂತು ಅಂತ ನೆನಪಾಯ್ತು."

ಬೀದಿಯಲ್ಲಿ ಪ್ರವಾಸಿಗಳ ಬಸ್ಸೊಂದು ನಿಂತು, ಟೋಪಿ ಹಾಕಿದ ಶಾಲೆಯ ಮಕ್ಕಳು ಇಳಿದು ಸಾಲಾಗಿ ದೇವಸ್ಥಾನದ ಕಡೆಗೆ ಹೋದರು. ಮಾವ ಅವರೆಲ್ಲ ದಾಟುವುದನ್ನೇ ನೋಡಿದರು.

"ನಂಗೆ ಆಗ ಇಪ್ಪತ್ತೆರಡು," ಎಂದರು ಆಮೇಲೆ. "ಖಾಕಿ ಅಂಗಿ ಕೊಟ್ರು. ಹೊಸ್ದು, ಗಂಜಿ ಹಂಗೇ ಇತ್ತು. ಅಪ್ಪನ್ನ ಮಣ್ಣು ಮಾಡಿ ತಿಂಗ್ಳು ತುಂಬಿರ್ಲಿಲ್ಲ. ನಾನು ಕದ ಹಾಕ್ಕಂಡು, ಅಂಗಿ ಹಾಕ್ಕಂಡು, ಕನ್ನಡೀಲಿ ನೋಡ್ಕಂಡೆ. ಎಷ್ಟೊತ್ತು ಅಂತೀಯ. ಹಿಂಗೆ ತಿರುಗಿ, ಹಂಗೆ ತಿರುಗಿ. ಕ್ರಾಪು ಬಾಚ್ಕಂಡು."

"ಆಮೇಲೆ?"

"ಆಮ್ಯಾಕೆ ಇನ್ನೇನು? ನಮ್ಮವ್ವ ಕದ ತಟ್ಟುದ್ಲು. ಅಂಗಿ ಬಿಚ್ಚಿ ಬಂದು ಅವಳ ಜತೇಲಿ ನಾನೂ ಅತ್ಬುಟ್ಟೆ. ಅದೂ ಸುಳ್ಳಲ್ಲ ಕಣವ್ವ. ಇದೂ ಸುಳ್ಳಲ್ಲ." ಲೋಟ ಎತ್ತಿ ಉಳಿದದ್ದನ್ನು ಕುಡಿದರು. "ಮೊದ್ಲ ದಿನ ಕೈಗೆ ಅಪ್ಪನ ಸುತ್ತಿಗೆನೇ ಕೊಟ್ರು. ಹಿಡಿ ಸವದು ಅವನ ಕೈ ಅಳ್ತೆಗೆ ಆಗೋಗಿತ್ತು. ನಂಗೆ ಹಿಡಿಯಾಕೇ ಬರ್ಲಿಲ್ಲ. ಆದ್ರೆ ಹನ್ನೊಂದು ಮುಕ್ಕಾಲಕ್ಕೆ ರೈಲು ಬತ್ತಿತ್ತಲ್ಲ, ಹಿಡ್ದೆ."

ಅತ್ತೆ ಬಾಳೆಹಣ್ಣಿನ ಚಿಪ್ಪಿನೊಂದಿಗೆ ಬಂದರು. ನಮ್ಮಿಬ್ಬರ ಮುಖ ನೋಡಿ, "ಏನು, ನೋಟರಿ ಸತ್ತೋದ್ನಾ?" ಎಂದು ಕೇಳಿದರು.

ಹನುಮಂತಯ್ಯ ಬದುಕಿದ್ದರು. ಮೂರೂಕಾಲಿಗೆ ಎಲೆಯಡಿಕೆ ಹಾಕಿಕೊಂಡು ಬಂದು, ಛಾಪಾಕಾಗದ ಎತ್ತಿಕೊಂಡು, ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"ಸದರಿ ಮೃತನ ಹುದ್ದೆಯನ್ನು ಆತನ ಧರ್ಮಪತ್ನಿ ಮೀನಾಕ್ಷಿ ಎಂಬುವವರಿಗೆ ನೀಡುವುದಕ್ಕೆ ಮೃತನ ತಂದೆ ತಾಯಿಗಳಾದ ನಮ್ಮದೇನೂ ತಕರಾರಿಲ್ಲ. ಸದರಿಯವರು ಆರೋಗ್ಯದಿಂದಿದ್ದು, ಮಳೆ ಬಿಸಿಲೆನ್ನದೆ ದಿನಕ್ಕೆ ಹನ್ನೆರಡು ಮೈಲಿ ನಡೆಯಲು ಶಕ್ತರಿರುತ್ತಾರೆ."

"ಸ್ವಾಮಿ," ಎಂದೆ, "ಆ ಹನ್ನೆರಡು ಮೈಲಿ..."

"ಹಳೇ ಪೇಪರಲ್ಲಿ ಇತ್ತಮ್ಮ. ಇದ್ರೆ ಏನೂ ತೊಂದ್ರೆ ಇಲ್ಲ, ಒಳ್ಳೇದೇ." ಅವರು ಅತ್ತೆಯ ಕಡೆಗೆ ತಿರುಗಿದರು. "ಏನಮ್ಮ, ಯಾರ ಬಲವಂತಾನೂ ಇಲ್ಲದೆ, ಒಪ್ಪಿ ಕೊಡ್ತಿದೀಯ ತಾನೆ? ಹಿಂದಿಂದ ಬಂದು ನಂಗೂ ಹಕ್ಕಿತ್ತು ಅನ್ನಂಗಿಲ್ಲ."

"ನಂಗೇನು ಇಮಾನ ಓಡ್ಸಕ್ಕೆ ಬತ್ತದಾ ಸ್ವಾಮಿ?" ಎಂದರು ಅತ್ತೆ.

ಟೈಪಿಸ್ಟು ನಕ್ಕ. ಹನುಮಂತಯ್ಯನೂ ನಕ್ಕರು. ಅತ್ತೆ ನಗಲಿಲ್ಲ. ಪೆನ್ನು ತೆಗೆದುಕೊಂಡರು. ರಾತ್ರಿಶಾಲೆಯಲ್ಲಿ ಕಲಿತ ಅಕ್ಷರ, ಒಂದೊಂದನ್ನೂ ಬಿಡಿಸಿ ಬರೆಯುತ್ತಾರೆ. ಗಿ ಬರೆದು ನಿಲ್ಲಿಸಿದರು. ಎಲ್ಲರೂ ಕಾದೆವು. ನನಗೆ ಗೊತ್ತಿತ್ತು, ಇಷ್ಟು ದಿನ ಅನ್ನದೆ ಇದ್ದ ಮಾತು ಈಗ ಬರುತ್ತದೆ ಎಂದು. ಬರಲಿ ಎಂದೇ ನಿಂತಿದ್ದೆ.

"ಅವ್ನು ಹೋಗೋ ಹಿಂದಿನ ದಿನ ಯೋಳ್ತಿದ್ದ," ಎಂದರು ಕಾಗದ ನೋಡುತ್ತಲೇ. "ಅವ್ವ, ನನಗಿಂತ ಅವ್ಳೇ ಚೆನ್ನಾಗಿ ಇಳಿಸ್ತಾಳೆ, ನಾನು ದಡ್ ಅಂತ ಇಳಿಸ್ತೀನಿ ಅಂತ. ನಿಂಗೆ ಯೋಳ್ಬ್ಯಾಡ ಅಂದಿದ್ದ. ತಲೆ ಮ್ಯಾಲೆ ಕೂತ್ಕಂತಾಳೆ ಅಂತ."

ಡ್ಡಮ್ಮ ಎಂದು ಬರೆದು ಮುಗಿಸಿದರು.

ನಾನು ಅಲ್ಲಿ ಅತ್ತಿದ್ದರೆ ಚೆನ್ನಾಗಿರುತ್ತಿತ್ತು. ಐದು ತಿಂಗಳಿಂದ ಅಳು ಬರಲಿ ಎಂದು ಕಾದವಳು. ಸರಿಯಾದ ಜಾಗ, ಸರಿಯಾದ ಮಾತು, ಸಾಕ್ಷಿಗಳೂ ಇದ್ದರು. ನನಗೆ ಬಂದದ್ದು ಬೇರೆ ಯೋಚನೆ. ಅವನು ದಡ್ ಎಂದು ಇಳಿಸುತ್ತಿದ್ದದ್ದು ನಿಜ. ಅದನ್ನು ನನ್ನೆದುರು ಒಂದು ಸಲವೂ ಒಪ್ಪಿರಲಿಲ್ಲ. ಅಡ್ಡಗಾಳಿ ಇತ್ತು, ಓಡುದಾರಿ ಸರಿಯಿಲ್ಲ, ಎಂದೇ ಹೇಳುತ್ತಿದ್ದ. ಕಳ್ಳ.

ಮೂರು ಐವತ್ತಕ್ಕೆ ಬೇಲೂರು ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ ಮೇಲ್ ತೆರೆದೆ. ಒಪ್ಪಿಗೆ ಇದೆ, ಸೋಮವಾರ ಬರುತ್ತೇನೆ. ಇಷ್ಟೇ ಬರೆಯಲು ಎಂಟು ನಿಮಿಷ ಹಿಡಿಯಿತು. ಮಾವ ಭುಜದ ಹಿಂದೆಯೇ ನಿಂತಿದ್ದರು.

"ಪೇಪರ್ ಹಾಕ್ದ್ಯಾ?"

"ಬೇಕಾಗಿಲ್ಲ ಮಾವ."

"ಹಾಕವ್ವ. ಇರ್ಲಿ."

ಅಫಿಡವಿಟ್ಟಿನ ಫೋಟೊ ತೆಗೆದು ಲಗತ್ತಿಸಿದೆ. ಮೂರು ಐವತ್ತೊಂಬತ್ತು. ಚೈತನ್ಯ ಶೂ ಬಿಚ್ಚಬಹುದು.

ಹತ್ತು ನಿಮಿಷಕ್ಕೆ ರಾಜಶೇಖರ್ ಫೋನು ಮಾಡಿದ. "ಬಂತು ಮೇಡಂ, ಥ್ಯಾಂಕ್ಸ್. ಒಂದು ಡೌಟು. ಜೊತೇಲಿ ಒಂದು ಛಾಪಾಕಾಗದ ಬಂದಿದೆಯಲ್ಲ, ಹನ್ನೆರಡು ಮೈಲಿ ನಡೀತೀರ ಅಂತ?"

"ಹೌದು. ಅದನ್ನ ಬಿಟ್ಬಿಡಿ."

"ಇಲ್ಲ, ನಾನು ಎಚ್.ಆರ್.ಗೆ ಕಳಿಸ್ಬಿಟ್ಟೆ. ಅವರಿಗೂ ಏನು ಅಂತ ಗೊತ್ತಾಗ್ಲಿಲ್ಲ. ಸೀಲು, ಸೈನು ಎಲ್ಲ ಇದೆ, ಸೋಮವಾರ ಒರಿಜಿನಲ್ ತಂದ್ಬಿಡಕ್ಕೆ ಹೇಳಿ ಅಂದ್ರು."

ಸ್ಪೀಕರಿನಲ್ಲಿತ್ತು. ಮಾವ ಅತ್ತೆಯ ಕಡೆ ತಿರುಗಿದರು. ಮೂವತ್ತೆಂಟು ವರ್ಷ ರೈಲ್ವೆಯಲ್ಲಿ ಒಂದು ಬಡ್ತಿಯೂ ಕಾಣದ ಮನುಷ್ಯನ ಮುಖ ಹಾಗೆ ಬೆಳಗಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಒರಿಜಿನಲ್ ಕೇಳವ್ರೆ! ನಾ ಯೋಳ್ಲಿಲ್ವಾ? ಇವ್ಳು ಎಂಎಸ್ಸಿ ಓದಿ ಏನು ಬಂತು?"

"ಹನ್ನೆರಡು ಮೈಲಿ ನಡೀತಾಳಾ ಅಂತ ನನ್ನ ಯಾರೂ ಕೇಳ್ಲಿಲ್ಲ," ಎಂದರು ಅತ್ತೆ. "ಕೇಳಿದ್ರೆ ಸೈನ್ ಹಾಕ್ತಿರ್ಲಿಲ್ಲ."

ನಾಲ್ಕೂವರೆಯ ಬಸ್ಸು ಸಿಕ್ಕಿತು. ಮಾವ ಎಂದಿನಂತೆ ನನ್ನನ್ನು ಕಿಟಕಿಯ ಪಕ್ಕ ಕೂರಿಸಿದರು. ಹಳೇಬೀಡು ದಾಟುವಷ್ಟರಲ್ಲಿ ಫೈಲಿನ ಮೇಲೆ ಎರಡೂ ಕೈಯಿಟ್ಟು ನಿದ್ದೆ ಹೋದರು. ಜಾವಗಲ್ ಆದಮೇಲೆ ಆ ತಿರುವು ಬಂತು. ಅವರು ಏಳಲಿಲ್ಲ, ಗಾಜು ಎಳೆಯಲಿಲ್ಲ. ನಾನು ಹೊರಗೆ ನೋಡಿದೆ. ರಸ್ತೆ, ಒಂದು ಮೈಲಿಗಲ್ಲು, ಬೇಲಿಯಾಚೆ ರಾಗಿ ಹೊಲ. ರಸ್ತೆಯ ನಡುವೆ ಕಂದು ಬಣ್ಣದ ನಾಯಿಯೊಂದು ಮಲಗಿತ್ತು. ಡ್ರೈವರು ಎರಡು ಸಲ ಹಾರನ್ ಹೊಡೆದ. ಅದು ಎದ್ದು, ಮೈ ಮುರಿದು, ಯಾವ ಅವಸರವೂ ಇಲ್ಲದೆ ಪಕ್ಕಕ್ಕೆ ಹೋಯಿತು.